ಕಾಲುಂಗುರದ ಬೆರಳು

ಆಪರೇಷನ್‌ಗೆ ಹಿಂದಿನ ಸಂಜೆ ನರ್ಸ್ ಬಂದು, "ಬಳೆ, ಓಲೆ, ಕಾಲುಂಗುರ ಎಲ್ಲಾ ತೆಗೆದಿಡಿ ಅಕ್ಕ" ಎಂದಳು. ಬಳೆ, ಓಲೆ ತೆಗೆದೆ. ಎಡಗಾಲಿನ ಉಂಗುರ ಸಲೀಸಾಗಿ ಬಂತು. ಬಲಗಾಲಿನದ್ದು ಜಪ್ಪಯ್ಯ ಅಂದರೂ ಬರಲಿಲ್ಲ. ಸೋಪು ಹಚ್ಚಿದೆವು, ಕೊಬ್ಬರಿ ಎಣ್ಣೆ ಹಚ್ಚಿದೆವು, ಬೆರಳಿಗೆ ನೂಲು ಸುತ್ತಿ ಎಳೆದೂ ನೋಡಿದೆವು. ಬೆರಳಿನ ಬುಡ ಊದಿ ಉಂಗುರ ಅಲ್ಲೇ ಹೂತು ಕೂತಿತ್ತು. ಕೊನೆಗೆ ಆಕೆ ಪುಟ್ಟ ಚಕ್ರವಿದ್ದ ಕಟ್ಟರ್ ತಂದಳು. ಉಂಗುರದಡಿ ತೆಳು ತಗಡು ತೂರಿಸಿ, ಕಟ್ಟರಿನ ಕಿವಿಯಂಥ ಹಿಡಿ ತಿರುಗಿಸುತ್ತಾ ತಿರುಗಿಸುತ್ತಾ ಬೆಳ್ಳಿಯನ್ನು ಕೊಯ್ದಳು. ಹನ್ನೊಂದು ವರ್ಷ ಅಲ್ಲಿದ್ದ ಉಂಗುರ. ಅದರ ಕೆಳಗಿನ ಚರ್ಮ ಬೆಳ್ಳಗೆ, ಮಳೆಗಾಲದಲ್ಲಿ ಗದ್ದೆಯಲ್ಲಿ ನಿಂತವರ ಅಂಗಾಲಿನ ಹಾಗೆ ಸುಕ್ಕಾಗಿತ್ತು. ನಮ್ಮನೆಯವರು ಕಿಟಕಿಯ ಕಡೆ ತಿರುಗಿ ನಿಂತಿದ್ದರು. ತುಂಡಾದ ಉಂಗುರವನ್ನು ಮಾತ್ರೆಯ ಕವರಿಗೆ ಹಾಕಿ ಅವರ ಕೈಗೆ ಕೊಟ್ಟೆ.

ನನ್ನ ಕಾಯಿಲೆ ಇದ್ದದ್ದು ಅದೇ ಬೆರಳಿನ ಬುಡದಲ್ಲಿ. ಹೆಬ್ಬೆರಳಿನ ಪಕ್ಕದ, ಎರಡನೇ ಬೆರಳು.

ನಾನು ಸೋಮವಾರಪೇಟೆ ತಾಲ್ಲೂಕಿನವಳು, ಶಾಂತಳ್ಳಿ ಕಡೆ. ಟಪಾಲು ಹಂಚುವುದು ನನ್ನ ಕೆಲಸ. ನಮ್ಮ ಕಡೆ ಒಂದು ಮನೆಗೂ ಇನ್ನೊಂದು ಮನೆಗೂ ಮಧ್ಯೆ ಒಂದು ತೋಟ, ಒಂದು ಏರು, ಒಂದು ತೋಡು ಇದ್ದೇ ಇರುತ್ತದೆ. ಸ್ಕೂಟರ್ ಅರ್ಧ ದಾರಿಗೆ. ಉಳಿದದ್ದು ಕಾಲ ಮೇಲೆ. ಹಾಗಾಗಿ ಕಾಲು ಕೈಕೊಟ್ಟರೆ ನನಗೆ ಕೆಲಸವೇ ಇಲ್ಲ.

ನೋವು ಶುರುವಾಗಿದ್ದು ಒಂಬತ್ತನೇ ಕ್ಲಾಸಿನಲ್ಲಿ. ಸ್ಕೂಲಿನ ಹಾಕಿ ಟೀಮಿನಲ್ಲಿದ್ದೆ. ಕೊಡಗಿನಲ್ಲಿ ಹುಟ್ಟಿದ ಮೇಲೆ ಹಾಕಿ ಸ್ಟಿಕ್ ಮುಟ್ಟದೆ ಇರೋಕಾಗುತ್ತಾ? ಓಡಿ ನಿಂತಾಗ ಪಾದದ ಮುಂಭಾಗದಲ್ಲಿ ಚುಚ್ಚುತ್ತಿತ್ತು, ಶೂ ಒಳಗೆ ಒಂದು ಕಲ್ಲು ಸೇರಿಕೊಂಡ ಹಾಗೆ. ಶೂ ಬಿಚ್ಚಿ ಕೊಡವಿದರೆ ಏನೂ ಇಲ್ಲ. ಅಮ್ಮ ಉಳುಕು ಎಂದರು. ಊರಿನಲ್ಲಿ ಕಾಲು ಮುಂದಾಗಿ ಹುಟ್ಟಿದ ಒಬ್ಬರು ಅಜ್ಜ ಇದ್ದರು. ಅಂಥವರು ಮುಟ್ಟಿದರೆ ಉಳುಕು ಹೋಗುತ್ತದೆ ಎಂಬ ನಂಬಿಕೆ. ಮೂರು ದಿನ ಬೆಳಿಗ್ಗೆ ಅವರ ಹತ್ತಿರ ಎಣ್ಣೆ ಹಚ್ಚಿಸಿಕೊಂಡೆ. ಆಟ ಬಿಟ್ಟ ಮೇಲೆ ನೋವು ಕಡಿಮೆಯಾಯಿತು. ಅಜ್ಜನಿಗೆ ಹೆಸರು ಬಂತು. ಆಮೇಲೆ ಆರೇಳು ವರ್ಷ ನನಗೆ ಅದು ಮರೆತೇ ಹೋಗಿತ್ತು.

ಎರಡನೇ ಮಗು ಆಗಿ, ಈ ಕೆಲಸಕ್ಕೆ ಸೇರಿದ ಮೇಲೆ ಅದು ಮತ್ತೆ ಬಂತು. ಈ ಸಲ ಬರೀ ಚುಚ್ಚುವುದಲ್ಲ, ಬೆರಳಿನ ಬುಡ ಊದುವುದು, ಬೆಳಿಗ್ಗೆ ಬೆರಳು ಮಡಚದೆ ಇರುವುದು, ಒಮ್ಮೊಮ್ಮೆ ಒಳಗೆ ಏನೋ ಸಿಕ್ಕಿಹಾಕಿಕೊಂಡು 'ಟಕ್' ಎನ್ನುವುದು. ಪಕ್ಕದ ಪೇಟೆಯ ಒಬ್ಬರು ಡಾಕ್ಟ್ರು ಎಕ್ಸ್‌ರೇ ತೆಗೆಸದೆಯೇ ಯೂರಿಕ್ ಆ್ಯಸಿಡ್ ಎಂದರು. ರಕ್ತ ಪರೀಕ್ಷೆಯಲ್ಲಿ ಅದು ಸರಿಯಾಗೇ ಇತ್ತು. ಮಾತ್ರೆ ಮಾತ್ರ ನಾಲ್ಕು ತಿಂಗಳು ನುಂಗಿದೆ. ಇನ್ನೊಬ್ಬರು ಕೀಲಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ಎರಡು ತಿಂಗಳು ಸ್ವರ್ಗ. ಆಮೇಲೆ ಮೊದಲಿಗಿಂತ ಜಾಸ್ತಿ. "ತೂಕ ಇಳಿಸಿ" ಎಂದೂ ಹೇಳಿದರು. ದಿನಾ ಅಷ್ಟು ಗುಡ್ಡ ಹತ್ತಿ ಇಳಿಯುವವಳಿಗೆ ಹೇಳುವ ಮಾತಾ ಅದು?

ಮೈಸೂರಿನಲ್ಲಿ ಪಾದದ ಆಪರೇಷನ್‌ಗಳನ್ನೇ ಹೆಚ್ಚಾಗಿ ಮಾಡುವ ಮೂಳೆ ಡಾಕ್ಟ್ರು ಇದ್ದಾರೆ ಎಂದು ನಾದಿನಿ ಹೇಳಿದಳು. ಬೆಳಗಿನ ಬಸ್ಸು ಹಿಡಿದು ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ದಾಟಿ ಹೋದೆವು. ಆ ಡಾಕ್ಟ್ರು ಮೊದಲು ಮಾಡಿದ್ದು ನನ್ನನ್ನು ಬರಿಗಾಲಲ್ಲಿ ಕಾರಿಡಾರಿನುದ್ದಕ್ಕೂ ನಡೆಸಿದ್ದು. ಆಮೇಲೆ ನಿಲ್ಲಿಸಿಯೇ ಎಕ್ಸ್‌ರೇ ತೆಗೆಸಿದರು, ಮಲಗಿಸಿ ಅಲ್ಲ. ಪಾದದ ಮೇಲೆ ಮೈಭಾರ ಬಿದ್ದಾಗ ಮೂಳೆಗಳು ಹೇಗೆ ಕೂರುತ್ತವೆ ಅನ್ನುವುದು ಹಾಗೆ ತೆಗೆದರೇ ಗೊತ್ತಾಗುವುದಂತೆ.

ಪರದೆಯ ಮೇಲೆ ನನ್ನ ಐದು ಉದ್ದ ಮೂಳೆಗಳು ಸಾಲಾಗಿ ನಿಂತಿದ್ದವು. ನಾಲ್ಕರ ತುದಿ ಗುಂಡಗೆ, ನಯವಾಗಿ. ಎರಡನೆಯದರ ತುದಿ ಮಾತ್ರ ಕಡಂಬುಟ್ಟಿನ, ಅಂದರೆ ನಮ್ಮ ಕಡೆಯ ಅಕ್ಕಿ ಉಂಡೆಯ, ಮೇಲೆ ಯಾರೋ ಹೆಬ್ಬೆರಳು ಒತ್ತಿದ ಹಾಗೆ ತಗ್ಗಾಗಿ, ಅಗಲವಾಗಿ, ಅಂಚು ಮುಳ್ಳುಮುಳ್ಳಾಗಿತ್ತು. ಪಕ್ಕದಲ್ಲಿ ಎರಡು ಮೂರು ಚುಕ್ಕೆ. "ಇವು ಕಳಚಿಕೊಂಡ ಮೂಳೆ ಚೂರುಗಳು. ನಿಮಗೆ ಟಕ್ ಅನ್ನೋದು ಇವೇ ಅಮ್ಮ" ಎಂದರು.

ಇದರ ಹೆಸರು ಫ್ರೈಬರ್ಗ್ ಕಾಯಿಲೆ. ಅಮೆರಿಕದ ಸಿನ್ಸಿನಾಟಿಯ ಆಲ್ಬರ್ಟ್ ಫ್ರೈಬರ್ಗ್ ಎಂಬ ಸರ್ಜನ್ 1914ರಲ್ಲಿ 6 ರೋಗಿಗಳ ವಿಷಯ ಬರೆದಿದ್ದರಿಂದ ಆ ಹೆಸರು ಬಂತಂತೆ. ಬೆರಳಿಗೆ ಸೇರುವ ಉದ್ದ ಮೂಳೆಯ ತುದಿಗೆ ರಕ್ತ ಸರಿಯಾಗಿ ಹೋಗದೆ ಅಷ್ಟು ಭಾಗ ಸಾಯುತ್ತದೆ. ಸತ್ತ ಮೂಳೆ ಮೈಭಾರಕ್ಕೆ ಕುಸಿಯುತ್ತದೆ. ಹೆಚ್ಚಿನವರಿಗೆ ಬರುವುದು ಎರಡನೇ ಬೆರಳಿಗೆ, ಅದು ಬಿಟ್ಟರೆ ಮೂರನೆಯದಕ್ಕೆ. ಸಾಮಾನ್ಯವಾಗಿ ಎರಡನೇ ಮೂಳೆಯೇ ಎಲ್ಲಕ್ಕಿಂತ ಉದ್ದ, ಅದರ ಬುಡ ಗಟ್ಟಿಯಾಗಿ ಸಿಕ್ಕಿಕೊಂಡಿರುವುದರಿಂದ ಅಲುಗಾಟವೂ ಕಮ್ಮಿ. ಓಡುವಾಗ, ಜಿಗಿಯುವಾಗ ಏಟು ಅದಕ್ಕೇ. ಹುಡುಗರಿಗಿಂತ ಹುಡುಗಿಯರಲ್ಲಿ ಜಾಸ್ತಿ, ಅದೂ ಬೆಳೆಯುವ ವಯಸ್ಸಿನಲ್ಲಿ. ಇಂಥದ್ದೇ ಒಂದು ಕಾರಣ ಅಂತ ಬೆರಳು ತೋರಿಸೋಕೆ ಆಗಲ್ಲ ಎಂದರು. ನನಗೆ ಮಾತ್ರ ಸ್ಕೂಲಿನ ಆ ಜಲ್ಲಿ ಮೈದಾನ, ತೆಳು ಕ್ಯಾನ್ವಾಸ್ ಶೂ ಕಣ್ಣ ಮುಂದೆ ಬಂದವು.

ಕಾಯಿಲೆಯನ್ನು 5 ಹಂತವಾಗಿ ನೋಡುತ್ತಾರೆ. ಮೊದಲ ಹಂತದಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣದೆಯೂ ಇರಬಹುದು, ಎಂಆರ್‌ಐ ಬೇಕಾಗುತ್ತದೆ. ನನ್ನದು ಕೊನೆಯ ಹಂತ. ಒಂಬತ್ತನೇ ಕ್ಲಾಸಿನಲ್ಲೇ ಗೊತ್ತಾಗಿದ್ದರೆ ಕಾಲಿಗೆ ವಿಶ್ರಾಂತಿ ಕೊಟ್ಟು, ಬೂಟು ಹಾಕಿಸಿ ನೋಡುತ್ತಿದ್ದರಂತೆ. ಎಷ್ಟೋ ಜನರಿಗೆ ಅಷ್ಟರಲ್ಲೇ ಸರಿಹೋಗುತ್ತದಂತೆ. ಇದನ್ನು ಕೇಳಿದಾಗ ಅಮ್ಮನ ಮುಖ ಸಣ್ಣಗಾಯಿತು. ಪಾಪ, ಅವರದ್ದೇನು ತಪ್ಪು?

ತಕ್ಷಣ ಕತ್ತಿ ಎತ್ತಲಿಲ್ಲ ಡಾಕ್ಟ್ರು. ಮೂರು ತಿಂಗಳು ಗಟ್ಟಿ ಅಟ್ಟೆಯ ಶೂ ಹಾಕಿ, ಒಳಗೆ ಒಂದು ಪ್ಯಾಡ್ ಇಟ್ಟು ನೋಡಿ ಎಂದರು. ಈ ಪ್ಯಾಡ್ ವಿಷಯದಲ್ಲಿ ನಾನೊಂದು ಪೆದ್ದುತನ ಮಾಡಿದೆ. ನೋವಿರುವ ಜಾಗದ ಕೆಳಗೇ ಇಟ್ಟುಕೊಂಡೆ. ಒಂದು ವಾರ ಕಣ್ಣಲ್ಲಿ ನೀರು. ಅದು ನೋವಿನ ಜಾಗಕ್ಕಿಂತ ಸ್ವಲ್ಪ ಹಿಂದೆ, ಹಿಮ್ಮಡಿಯ ಕಡೆಗೆ ಇರಬೇಕು. ಆಗಲೇ ಅದು ಮೂಳೆಯ ಕುತ್ತಿಗೆಯನ್ನು ಎತ್ತಿಹಿಡಿದು ತುದಿಯ ಭಾರ ಇಳಿಸುವುದು. ಸರಿಯಾಗಿ ಇಟ್ಟ ಮೇಲೆ ಮನೆಯೊಳಗೆ ಓಡಾಡಲು ಆರಾಮಾಯಿತು. ಆದರೆ ತೋಟದ ಏರಿನಲ್ಲಿ ಬೆರಳು ಹಿಂದಕ್ಕೆ ಮಡಚಲೇಬೇಕಲ್ಲ? ಅಲ್ಲಿ ಪ್ಯಾಡಿನ ಆಟ ನಡೆಯಲಿಲ್ಲ.

ಮೂರು ತಿಂಗಳಾದ ಮೇಲಿನ ಮಾತುಕತೆ ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಅಷ್ಟು ಹೊತ್ತು ಕೂರಿಸಿಕೊಂಡು ಮಾತಾಡಿದ ಡಾಕ್ಟ್ರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಬೇರೆಯವರಿಗೆ ಮಾಡುವ ಒಂದು ಆಪರೇಷನ್ ಇದೆ. ಮೂಳೆಯ ಮೇಲ್ಭಾಗದಿಂದ ಹಲಸಿನ ತೊಳೆ ಆಕಾರದ ಚೂರೊಂದನ್ನು ಕೊಯ್ದು ತೆಗೆದು, ತುದಿಯನ್ನು ಮೇಲಕ್ಕೆ ತಿರುಗಿಸಿ ಕೂಡಿಸುವುದು. ಸಾಮಾನ್ಯವಾಗಿ ತುದಿಯ ಮೇಲ್ಭಾಗ ಹಾಳಾಗಿ, ಅಡಿಭಾಗದ ನಯ ಉಳಿದಿರುತ್ತದೆ. ಆ ಒಳ್ಳೆಯ ಭಾಗ ಬೆರಳಿನ ಮೂಳೆಗೆ ಎದುರಾಗುವ ಹಾಗೆ ಮಾಡುವ ಉಪಾಯ ಇದು. ನನ್ನ ಅಡಿಭಾಗದಲ್ಲೂ ನಯ ಉಳಿದಿರಲಿಲ್ಲ. ಎದುರಿನ ಬೆರಳಿನ ಮೂಳೆಯೂ ಸವೆದಿತ್ತು. ಹಾಗಾಗಿ ಎರಡು ದಾರಿ. ಒಂದು, ಕೀಲನ್ನು ಸ್ವಚ್ಛ ಮಾಡಿ ನನ್ನದೇ ಸ್ನಾಯುವಿನ ತುಂಡನ್ನು ಸುತ್ತಿ ಮಧ್ಯೆ ಮೆತ್ತೆಯಂತೆ ಇಡುವುದು. ಇನ್ನೊಂದು, ಇಂಪ್ಲಾಂಟ್.

ಮೇಜಿನ ಡ್ರಾಯರಿನಿಂದ ಒಂದು ಸ್ಯಾಂಪಲ್ ತೆಗೆದು ನನ್ನ ಅಂಗೈ ಮೇಲಿಟ್ಟರು. ಇಂಪ್ಲಾಂಟ್ ಅಂದರೆ ಸ್ಟೀಲಿನದ್ದು, ಸ್ಕ್ರೂ ಇರುತ್ತದೆ ಅಂದುಕೊಂಡಿದ್ದೆ. ಇದು ಹಾಲುಬಿಳುಪು ಬಣ್ಣದ, ರಬ್ಬರಿನಂಥ ಸಿಲಿಕೋನ್ ತುಂಡು. ನಡುವೆ ದಪ್ಪ, ಎರಡೂ ಕಡೆ ಚೂಪಾದ ಬಾಲ. ಒಂದು ಬಾಲ ಉದ್ದ ಮೂಳೆಯ ಒಳಗೆ, ಇನ್ನೊಂದು ಬೆರಳಿನ ಮೂಳೆಯ ಒಳಗೆ. ಬೆರಳುಗಳ ಮಧ್ಯೆ ಮಡಚಿ ನೋಡಿದೆ. ಮಡಚಿತು, ಬಿಟ್ಟಾಗ ಮೆಲ್ಲನೆ ನೆಟ್ಟಗಾಯಿತು. ಮಕ್ಕಳ ಹಾಲಿನ ಬಾಟಲಿಯ ನಿಪ್ಪಲ್ ಮುಟ್ಟಿದ ಹಾಗಿತ್ತು. "ಇಷ್ಟೇನಾ?" ಎಂದು ಬಾಯಿಗೆ ಬಂತು.

"ಇಷ್ಟೇ. ಅದಕ್ಕೇ ಹುಷಾರಾಗಿ ಕೇಳಿಸಿಕೊಳ್ಳಿ" ಎಂದರು. ಇಂಥ ಸಿಲಿಕೋನ್ ಕೀಲುಗಳನ್ನು 1960ರ ದಶಕದಲ್ಲಿ ಸ್ವಾನ್ಸನ್ ಎಂಬ ಅಮೆರಿಕದ ಸರ್ಜನ್ ಸಂಧಿವಾತದ ಕೈಬೆರಳುಗಳಿಗೆ ಬಳಸಿದರು. ಆಮೇಲೆ ಪಾದಕ್ಕೂ ಬಂತು. ಆದರೆ ಕೈಬೆರಳು ಮೈ ಹೊರುವುದಿಲ್ಲ, ಕಾಲಿನದ್ದು ಹೊರುತ್ತದೆ. ವರ್ಷ ಕಳೆದಂತೆ ಸಿಲಿಕೋನ್ ಸವೆದು ಪುಡಿ ಉದುರಬಹುದು, ಆ ಪುಡಿಗೆ ಸುತ್ತಲಿನ ಅಂಗಾಂಶ ಕೆರಳಬಹುದು, ತುಂಡೇ ಮುರಿಯಬಹುದು. ಫ್ರೈಬರ್ಗ್ ಕಾಯಿಲೆಗೆ ಇದನ್ನು ಹಾಕಿದವರ ಬಗ್ಗೆ ಇರುವ ವರದಿಗಳೂ ಸಣ್ಣ ಸಣ್ಣವು, ಕೆಲವೇ ರೋಗಿಗಳದ್ದು. "ತೆಗೆಯಬೇಕಾದರೆ ತೆಗೆಯಬಹುದು. ಆದರೆ ಇದನ್ನು ಕೂರಿಸೋಕೆ ಕತ್ತರಿಸಿದ ಮೂಳೆ ವಾಪಸ್ ಬರಲ್ಲ." ಆಮೇಲೆ ಇನ್ನೊಂದು ಮಾತು. "ನೋವು ಕಮ್ಮಿಯಾಗುತ್ತೆ. ಬೆರಳು ಮೊದಲಿನ ಹಾಗೆ ಆಗಲ್ಲ. ಓಡೋ ಆಸೆ ಇಟ್ಟುಕೊಂಡು ಬರಬೇಡಿ."

ಸ್ನಾಯುವಿನ ಮೆತ್ತೆ ಒಳ್ಳೆಯದಲ್ವಾ, ನಮ್ಮದೇ ಅಲ್ವಾ ಎಂದು ಕೇಳಿದೆ. ನನ್ನಲ್ಲಿ ಮೂಳೆ ಕುಸಿದಿರುವುದು ಜಾಸ್ತಿ, ಮೆತ್ತೆ ಇಟ್ಟರೂ ಬೆರಳು ಒಳಕ್ಕೆ ಎಳೆದುಕೊಂಡು ಗಿಡ್ಡವಾಗಬಹುದು, ಹಾಗಾದರೆ ಭಾರ ಪಕ್ಕದ ಬೆರಳಿಗೆ ಹೋಗುತ್ತದೆ ಎಂದರು. ಇಂಪ್ಲಾಂಟ್ ಕಡೇಪಕ್ಷ ಆ ಜಾಗವನ್ನು ಹಿಡಿದಿಡುತ್ತದೆ. ಮನೆಗೆ ಬಂದು ಹದಿನೈದು ದಿನ ಯೋಚಿಸಿದೆ. ನಮ್ಮನೆಯವರಿಗೆ ಇಷ್ಟವಿರಲಿಲ್ಲ. ಅತ್ತೆ ಒಂದೇ ಮಾತು ಕೇಳಿದರು: "ಈಗ ರಾತ್ರಿ ನಿದ್ದೆ ಬರ್ತಿದ್ಯಾ ನಿಂಗೆ?" ಬರುತ್ತಿರಲಿಲ್ಲ. ದುಡ್ಡಿಗೆ ಚೀಟಿ ಎತ್ತಿದೆವು. ಇಂಪ್ಲಾಂಟಿನ ಬಿಲ್ಲು ಬೇರೆ, ಆಸ್ಪತ್ರೆಯ ಬಿಲ್ಲು ಬೇರೆ ಎಂದು ಮೊದಲೇ ಕೇಳಿ ಬರೆಸಿಕೊಂಡಿದ್ದು ಒಳ್ಳೆಯದಾಯಿತು.

ದಿನ ನಾನೇ ಆರಿಸಿದೆ. ಫೆಬ್ರವರಿ ಕೊನೆ. ಅರೇಬಿಕಾ ಕುಯ್ಲು ಮುಗಿದಿರುತ್ತದೆ, ಮಳೆಗೆ ಇನ್ನೂ ಮೂರು ತಿಂಗಳು ಇರುತ್ತದೆ. ಜೂನ್ ಬಂದರೆ ನಮ್ಮ ಕಡೆ ಹಾಸಿದ ಬಟ್ಟೆಯೇ ಒಣಗುವುದಿಲ್ಲ, ಇನ್ನು ಗಾಯ ಒಣಗುತ್ತದಾ? ನನ್ನ ಬದಲಿಗೆ ನಾದಿನಿಯ ಮಗ ಟಪಾಲು ಹಂಚಲು ಒಪ್ಪಿದ.

ಆಪರೇಷನ್ ಒಂದು ಗಂಟೆಯ ಮೇಲೆ ಸ್ವಲ್ಪ ಹಿಡಿಯಿತು. ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರಿಂದ ಸೊಂಟದ ಕೆಳಗೆ ಏನೂ ಗೊತ್ತಾಗುತ್ತಿರಲಿಲ್ಲ. ಎದೆಯ ಹತ್ತಿರ ಹಸಿರು ಬಟ್ಟೆಯ ಅಡ್ಡ. ಆದರೆ ಕಿವಿಗೆ ಯಾರೂ ಇಂಜೆಕ್ಷನ್ ಕೊಟ್ಟಿರಲಿಲ್ಲ. ಪುಟ್ಟ ಗರಗಸ ಓಡುವ ಸದ್ದು ಕೇಳಿತು, ಹಲ್ಲಿನ ಡಾಕ್ಟ್ರ ಹತ್ತಿರ ಕೇಳುವಂಥದ್ದೇ, ಸ್ವಲ್ಪ ದಪ್ಪ ದನಿ. ಆಮೇಲೆ ಮೂಳೆಯ ಒಳಗೆ ಬಾಲಕ್ಕೆ ದಾರಿ ಕೊರೆಯುವುದು. "ಒಂದು ಸೈಜ್ ಚಿಕ್ಕದು ಕೊಡಿ" ಎಂದರು ಒಮ್ಮೆ. ಮೊದಲು ಅಳತೆಗೆ ಒಂದು ಮಾದರಿ ಹಾಕಿ, ಬೆರಳು ಮೇಲೆ ಕೆಳಗೆ ಆಡಿಸಿ ನೋಡಿ, ಆಮೇಲೆ ನಿಜವಾದದ್ದು. ದೊಡ್ಡದನ್ನು ತುರುಕಿದರೆ ಬೆರಳು ಸೆಟೆದುಕೊಳ್ಳುತ್ತದೆ, ಚಿಕ್ಕದಾದರೆ ಸಡಿಲ.

ಕೊನೆಯಲ್ಲಿ ನರ್ಸ್ ಒಂದು ಡಬ್ಬಿ ತಂದು ತೋರಿಸಿದಳು. ಒಳಗೆ ಮೂರು ಚೂರು. ಬೂದು ಬಿಳಿ, ಉರುಟು. ಕಾಳುಮೆಣಸಿನ ಸಿಪ್ಪೆ ತೆಗೆದು ಬಿಳಿ ಮೆಣಸು ಮಾಡುತ್ತೇವಲ್ಲ, ಥೇಟ್ ಅದೇ ಗಾತ್ರ. ಇಷ್ಟು ವರ್ಷ ಶೂ ಬಿಚ್ಚಿ ಬಿಚ್ಚಿ ಹುಡುಕಿದ ಕಲ್ಲು ಇವೇ.

ಮನೆಗೆ ಬಂದ ಮೇಲಿನ ಕಷ್ಟವನ್ನು ಯಾರೂ ಮೊದಲೇ ಹೇಳಿರಲಿಲ್ಲ. ಕಾಲಿಗೆ ಕೊಟ್ಟ ಚಪ್ಪಲಿ ವಿಚಿತ್ರ. ಹಿಮ್ಮಡಿಯ ಕೆಳಗೆ ದಪ್ಪ ಅಟ್ಟೆ, ಮುಂದೆ ಏನೂ ಇಲ್ಲ. ಪಾದದ ಮುಂಭಾಗ ಗಾಳಿಯಲ್ಲಿ. ಹಿಮ್ಮಡಿ ಊರಿ ನಡೆಯಬಹುದು. ಮೊಸಾಯಿಕ್ ನೆಲದ ಆಸ್ಪತ್ರೆಯಲ್ಲಿ ಸರಿ. ನಮ್ಮ ಮನೆಗೆ ರಸ್ತೆಯಿಂದ ಮೂವತ್ತೆರಡು ಮೆಟ್ಟಿಲು, ಅದೂ ಒಂದೊಂದು ಒಂದೊಂದು ಎತ್ತರ. ಜೀಪಿನಿಂದ ಇಳಿಸಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹೊತ್ತುಕೊಂಡು ಹೋದರು. ಪಕ್ಕದ ಮನೆಯ ಮಕ್ಕಳು ದೇವರ ಉತ್ಸವ ನೋಡಿದ ಹಾಗೆ ಸಾಲಾಗಿ ನಿಂತಿದ್ದರು.

ಅದಕ್ಕಿಂತ ದೊಡ್ಡದು ಕಕ್ಕಸಿನ ಸಮಸ್ಯೆ. ನಮ್ಮದು ಕುಕ್ಕರಗಾಲಲ್ಲಿ ಕೂರುವಂಥದ್ದು. ಹಾಗೆ ಕೂತರೆ ಎಷ್ಟೋ ಜನರಿಗೆ ಭಾರವೆಲ್ಲಾ ಬೆರಳ ಬುಡದ ಮೇಲೇ. ಎರಡನೇ ದಿನ ನಮ್ಮನೆಯವರು ಸೋಮವಾರಪೇಟೆಗೆ ಹೋಗಿ, ನಡುವೆ ತೂತಿರುವ ಕಬ್ಬಿಣದ ಕುರ್ಚಿ ತಂದರು. ಇಂಥ ಆಪರೇಷನ್ ಮಾಡಿಸಿಕೊಳ್ಳುವವರು ಆ ಕುರ್ಚಿಯನ್ನು ಮೊದಲೇ ತಂದಿಟ್ಟುಕೊಳ್ಳಿ. ಉಳಿದದ್ದೆಲ್ಲಾ ಹೇಗೋ ನಡೆಯುತ್ತದೆ.

ಮೊದಲ ಎರಡು ವಾರ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಮಲಗಿದ್ದೇ ಕೆಲಸ. ಕೆಳಗೆ ಇಳಿಸಿದರೆ ಐದು ನಿಮಿಷದಲ್ಲಿ ಬೆರಳು ನೇರಳೆ ಬಣ್ಣಕ್ಕೆ ತಿರುಗಿ ಪಟಪಟ ಹೊಡೆದುಕೊಳ್ಳುತ್ತಿತ್ತು. ಹದಿನಾಲ್ಕನೇ ದಿನ ಹೊಲಿಗೆ ಬಿಚ್ಚಿದರು. ಆಮೇಲೆ ಬೆರಳಿನ ವ್ಯಾಯಾಮ. ಬುಡ ಹಿಡಿದು ಕೈಯಿಂದ ಮೇಲೆ ಕೆಳಗೆ ಆಡಿಸುವುದು, ದಿನಕ್ಕೆ ನಾಲ್ಕು ಸಲ. ಮೊದಲ ದಿನ ಮುಟ್ಟಲೇ ಧೈರ್ಯವಾಗಲಿಲ್ಲ. ಒಳಗಿನ ಆ ರಬ್ಬರು ಪುಸಕ್ಕನೆ ಹೊರಗೆ ಬಂದುಬಿಟ್ಟರೆ ಎಂಬ ಹೆದರಿಕೆ. ಚಿಕ್ಕ ಮಗಳು ಪಕ್ಕದಲ್ಲಿ ಕೂತು ಒಂದು, ಎರಡು ಎಂದು ಎಣಿಸುತ್ತಿದ್ದಳು. ಇಪ್ಪತ್ತಕ್ಕೆ ನಿಲ್ಲಿಸಬೇಕಾದ್ದನ್ನು ಮೂವತ್ತಕ್ಕೆ ಎಳೆಯುತ್ತಿದ್ದಳು, ಕಳ್ಳಿ.

ಆರು ವಾರದ ಹೊತ್ತಿಗೆ ಡಾಕ್ಟ್ರು ಒಂದು ಪರೀಕ್ಷೆ ಮಾಡಿದರು. ನನ್ನನ್ನು ನಿಲ್ಲಿಸಿ, ಬೆರಳಿನ ಅಡಿಗೆ ಒಂದು ಕಾಗದದ ಪಟ್ಟಿ ಇಟ್ಟು, "ಒತ್ತಿ ಹಿಡ್ಕೊಳ್ಳಿ" ಎಂದು ಎಳೆದರು. ಕಾಗದ ಸರಾಗವಾಗಿ ಹೊರಗೆ ಬಂತು. ಬೆರಳು ನೆಲ ಮುಟ್ಟುತ್ತಲೇ ಇರಲಿಲ್ಲ, ತೇಲುತ್ತಿತ್ತು. ಈ ಆಪರೇಷನ್‌ಗಳಲ್ಲಿ ಇದು ಆಗುವುದುಂಟಂತೆ. ಬೇಜಾರಾಯಿತು. ಮನೆಗೆ ಬಂದು ಒಂದು ಪೋಸ್ಟ್ ಕಾರ್ಡ್ ತೆಗೆದುಕೊಂಡು ದಿನಾ ಅಡುಗೆಮನೆಯಲ್ಲಿ ನಿಂತು ಅಭ್ಯಾಸ ಮಾಡಿದೆ. ಕಾರ್ಡಿನ ತುದಿಗೆ ದಾರ ಕಟ್ಟಿ ಮಗಳು ಎಳೆಯುವುದು, ನಾನು ಬೆರಳು ಒತ್ತುವುದು. ಮೂರು ತಿಂಗಳ ಹೊತ್ತಿಗೆ ಕಾರ್ಡ್ ಒಮ್ಮೊಮ್ಮೆ ತಡೆಯುತ್ತಿತ್ತು. ಈಗಲೂ ಅಷ್ಟೇ, ಒಮ್ಮೊಮ್ಮೆ.

ಜೂನ್‌ನಲ್ಲಿ ಕೆಲಸಕ್ಕೆ ಹೋದೆ, ಮೊದಲು ಅರ್ಧ ದಾರಿ, ಆಮೇಲೆ ಪೂರ್ತಿ. ಗಂಬೂಟು ಒಂದು ಸೈಜ್ ದೊಡ್ಡದು ಕೊಂಡೆ. ಆ ಮಳೆಗಾಲದಲ್ಲಿ ಒಂದು ದಿನ ಮನೆಗೆ ಬಂದು ಬೂಟು ಬಿಚ್ಚಿದರೆ ಬಲಗಾಲಿನ ಸಾಕ್ಸ್ ಎಲ್ಲಾ ರಕ್ತ. ಜೀವ ಬಾಯಿಗೆ ಬಂತು. ಗಾಯ ಬಿಚ್ಚಿಕೊಂಡಿತಾ, ಇಂಪ್ಲಾಂಟ್ ಚುಚ್ಚಿಕೊಂಡು ಹೊರಗೆ ಬಂತಾ? ನಡುಗುವ ಕೈಯಲ್ಲಿ ಸಾಕ್ಸ್ ಎಳೆದರೆ ಗಾಯದ ಗೆರೆಯ ಪಕ್ಕದಲ್ಲೇ ಒಂದು ಜಿಗಣೆ, ದ್ರಾಕ್ಷಿಯಷ್ಟು ಉಬ್ಬಿಕೊಂಡು ನಿದ್ದೆ ಹೊಡೆಯುತ್ತಿತ್ತು. ಜಿಗಣೆ ಕಚ್ಚುವುದು ಹೇಗೂ ಗೊತ್ತಾಗುವುದಿಲ್ಲ, ಆದರೆ ಅದು ಹರಿದಾಡುವ ತಣ್ಣನೆಯ ಅಂಟು ನಮ್ಮ ಕಡೆಯವರಿಗೆ ಗೊತ್ತಾಗೇ ಆಗುತ್ತದೆ. ನನಗೆ ಅಲ್ಲಿ ಆಗಲಿಲ್ಲ. ಕೊಯ್ದ ಜಾಗದ ಸುತ್ತ ಎರಡು ಬೆರಳು ಅಗಲಕ್ಕೆ ಜೋಮು ಹಾಗೇ ಉಳಿದಿದೆ. ಈಗ ಮನೆಗೆ ಬಂದ ತಕ್ಷಣ ಆ ಜಾಗವನ್ನು ಕಣ್ಣಿಂದಲೇ ನೋಡಿಕೊಳ್ಳುತ್ತೇನೆ.

ಸದ್ಯದ ಸ್ಥಿತಿ ಹೇಳಬೇಕೆಂದರೆ, ರಾತ್ರಿ ನಿದ್ದೆ ಬರುತ್ತದೆ. 'ಟಕ್' ಇಲ್ಲ. ಸಮ ನೆಲದಲ್ಲಿ ನೋವಿಲ್ಲ. ಬೆರಳು ಮೊದಲಿನ ಅರ್ಧದಷ್ಟೂ ಮಡಚುವುದಿಲ್ಲ. ಕುಕ್ಕರಗಾಲಲ್ಲಿ ಕೂರಲು ಬಲಗಾಲನ್ನು ಮುಂದಕ್ಕೆ ಚಾಚಿ, ಹಿಮ್ಮಡಿ ಊರಬೇಕು. ಕಡಿದಾದ ಏರನ್ನು ನೇರ ಹತ್ತದೆ ಹಸುಗಳ ಹಾಗೆ ಓರೆಯಾಗಿ ಹತ್ತುತ್ತೇನೆ, ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ. ಟಪಾಲಿಗೆ ಕಾಯುವವರು ಕಾಯುತ್ತಾರೆ. ಉಂಗುರವನ್ನು ಸೋಮವಾರಪೇಟೆಯ ಅಕ್ಕಸಾಲಿ ಬೆಸೆದು ಕೊಟ್ಟ, ಆದರೆ ಊತ ಬಂದು ಹೋಗಿ ಮಾಡುವ ಬೆರಳಿಗೆ ಬಿಗಿ ಹಾಕಬೇಡಿ ಎಂದಿದ್ದಾರೆ ಡಾಕ್ಟ್ರು. ಎಡಗಾಲಿಗೆ ಮಾತ್ರ ಹಾಕುತ್ತೇನೆ. ಮದುವೆಮನೆಗಳಲ್ಲಿ ಹೆಂಗಸರ ಕಣ್ಣು ಮೊದಲು ಅಲ್ಲಿಗೇ ಹೋಗುವುದು. "ರಬ್ಬರ್ ಬೆರಳು" ಎಂದು ಅತ್ತೆಯೇ ಮುಂದೆ ಬಿದ್ದು ಕಥೆ ಹೇಳುತ್ತಾರೆ.

ವರ್ಷದ ತಪಾಸಣೆಗೆ ಹೋದಾಗ ಮತ್ತೆ ನಿಂತ ಎಕ್ಸ್‌ರೇ. ಇಂಪ್ಲಾಂಟ್ ಎಲ್ಲಿದೆ ಎಂದು ಹುಡುಕಿದೆ. ಮೂಳೆಗಳು ಬೆಳ್ಳಗೆ, ಅದು ಮಾತ್ರ ಮಂಜಿನೊಳಗಿನ ಗುಡ್ಡದ ಹಾಗೆ ಮಸುಕು ಮಸುಕು. ಮುರಿದಿಲ್ಲ, ಸುತ್ತಲಿನ ಮೂಳೆ ಕೊರೆದಿಲ್ಲ ಎಂದರು. ಆಮೇಲೆ ಪಾದ ತಿರುಗಿಸಿ ಮೂರನೇ ಬೆರಳಿನ ಬುಡವನ್ನು ಹೆಬ್ಬೆರಳಲ್ಲಿ ಉಜ್ಜಿದರು. ಅಲ್ಲಿ ಚರ್ಮ ದಪ್ಪಗಾಗಲು ಶುರುವಾಗಿದೆ. ಭಾರ ಅತ್ತ ಸರಿಯುತ್ತಿರುವುದರ ಗುರುತು. ಹೊಸ ಪ್ಯಾಡ್ ಬರೆದುಕೊಟ್ಟರು, ಈ ಸಲ ಎಲ್ಲಿಡಬೇಕು ಎಂದು ಶೂ ಒಳಗೆ ಪೆನ್ನಿನಿಂದ ಗುರುತು ಹಾಕಿಯೇ ಕೊಟ್ಟರು. ಮುಂದಿನ ಎಕ್ಸ್‌ರೇ ಬರುವ ಫೆಬ್ರವರಿಗೆ. ಕುಯ್ಲು ಮುಗಿಸಿಕೊಂಡು ಹೋಗಬೇಕು.